ಮೊಜಾಂಬಿಕ್ ತೊಗರಿಯ ಬೆನ್ನು ಹತ್ತಿದ್ದು

ಕಲಬುರಗಿ ತೊಗರಿಗೆ 2019ರಲ್ಲೇ ಜಿಐ ಟ್ಯಾಗ್, ಅಂದರೆ ಇದೇ ನೆಲದ ಬೆಳೆ ಎಂಬ ಸರ್ಕಾರಿ ಗುರುತು, ಸಿಕ್ಕಿದೆ. ಆದರೆ ನಮ್ಮ ಸುಗ್ಗಿ ಡಿಸೆಂಬರ್-ಜನವರಿಯದು. ಶ್ರಾವಣದ ಹೊತ್ತಿಗೆ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಆವಕ ಸೊರಗಿರುತ್ತದೆ. ನಾನು ಖರೀದಿ ನೋಡಿಕೊಳ್ಳುವ ದಾಲ್ ಮಿಲ್ಲು ನಡೆಯಬೇಕೆಂದರೆ ಮೊಜಾಂಬಿಕ್, ಮ್ಯಾನ್ಮಾರ್ ಮಾಲು ಬೇಕೇ ಬೇಕು.

ಬೆಂಗಳೂರಿನ ದೊಡ್ಡ ಗಿರಾಕಿಯೊಬ್ಬರು, ಇದನ್ನು ಬೆಳೆದವರು ಯಾರು, ಮಕ್ಕಳನ್ನು ದುಡಿಸಿಲ್ಲವೇ ಎಂದು ಬರವಣಿಗೆಯಲ್ಲಿ ಕೇಳಿದರು. ನಮ್ಮ ಸಾವ್ಕಾರರು ನಕ್ಕು, "ಬೇಳಿ ಚಂದ ಬಂದ್ರ ಸಾಕು, ಬೆಳದಾಂವ ಯಾರಾದ್ರ ನಮಗೇನ್ ಮಾಡೋದದ?" ಅಂದರು.

ಬಂದರಿನಿಂದ ಬರುವ ಕಾಗದಗಳು ಹುಳ, ತೇವ, ಚೀಲದ ಲೆಕ್ಕ ಹೇಳುತ್ತವೆ. ಮನುಷ್ಯರ ಸುದ್ದಿ ಅವುಗಳಲ್ಲಿ ಇರುವುದಿಲ್ಲ. ಹಾಗಾಗಿ ಗಂಜಿನಲ್ಲಿ ರೈತರು ಕೇಳುವ ಪ್ರಶ್ನೆಗಳನ್ನೇ ಉತ್ತರ ಮೊಜಾಂಬಿಕ್‌ನ ನಂಪುಲಾದ ರಫ್ತುದಾರನಿಗೆ ಕೇಳಿದೆ: ತೂಕ ಯಾರ ಕಾಟಾದಲ್ಲಿ? ಚೀಲಕ್ಕೆ ಎಷ್ಟು ಕಡಿತ? ಮುಂಗಡ ಕೊಟ್ಟು ಬೆಳೆ ಹಿಡಿದಿಟ್ಟಿದ್ದೀರಾ? ಆತ ಗುಜರಾತಿ ಮೂಲದವನು, ಹಿಂದಿಯಲ್ಲೇ ಮಾತು ನಡೆಯಿತು. ಹಳ್ಳಿ ಖರೀದಿಯ ಚೀಟಿಗಳ ಫೋಟೋ ಕಳಿಸಿದ. ಬೇರೆ ಬೇರೆ ವಾರದವು, ಆದರೆ ಅಕ್ಷರ ಒಂದೇ, ಪೆನ್ನು ಒಂದೇ, ತೂಕಗಳೆಲ್ಲ ದುಂಡು ಸಂಖ್ಯೆ! ಒಂದೇ ಸಲ ಕೂತು ಬರೆದದ್ದು. ಒಪ್ಪಲಿಲ್ಲ. ಆಮೇಲೆ ಬಂದ ಚೀಟಿಗಳು ಹರಿದಿದ್ದವು, ತೂಕದಲ್ಲಿ ಗ್ರಾಂಗಳೂ ಇದ್ದವು. ಅವನ್ನು ನಂಬಿದೆ. ಹೇಳದೆ ಕೇಳದೆ ವಿಡಿಯೋ ಕಾಲ್ ಮಾಡಿ, ಹಸನು ಮಾಡುವ ಗೋದಾಮನ್ನೂ ತೋರಿಸೆಂದೆ. ಅದಕ್ಕೆ ಕಾರಣವಿತ್ತು. 2017ರಿಂದ ಪಕ್ಕದ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ ಹಿಂಸೆ ನಡೆದಿದೆ, ಅಲ್ಲಿಂದ ಓಡಿಬಂದ ಕುಟುಂಬಗಳು ನಂಪುಲಾದಲ್ಲೂ ಇವೆ. ಮನೆ ಕಳೆದುಕೊಂಡವರ ಮಕ್ಕಳು ಕಡಿಮೆ ಕೂಲಿಗೆ ಸಿಗುತ್ತಾರೆ.

ಆದರೆ ಅಲ್ಲಿಯ ರೈತನಿಗೆ ದೊಡ್ಡ ಹೊಡೆತ ಬಿದ್ದದ್ದು ನಮ್ಮ ಕಡೆಯಿಂದ. 2017ರ ಆಗಸ್ಟ್‌ನಲ್ಲಿ ಭಾರತ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿದಾಗ ಮೊಜಾಂಬಿಕ್ ಹಳ್ಳಿಗಳಲ್ಲಿ ದರ ನೆಲಕಚ್ಚಿತು. ಅಲ್ಲಿ ತೊಗರಿ ತಿನ್ನುವವರಿಗಿಂತ ಮಾರುವವರೇ ಹೆಚ್ಚು. ಅದಕ್ಕೇ, ಸೌದಾ ಆದಮೇಲೆ ಇಲ್ಲಿ ಪೇಟೆ ಬಿದ್ದರೂ ದರ ಇಳಿಸುವುದಿಲ್ಲ ಎಂದು ಕರಾರಿನಲ್ಲಿ ಬರೆಸಿದೆ. ಸಾವ್ಕಾರರು ಸಹಿ ಹಾಕಲು ಬಹಳ ಸತಾಯಿಸಿದರು.

ಮ್ಯಾನ್ಮಾರ್ ಕಥೆ ಬೇರೆ, ಅಲ್ಲಿ ಹೊಲಕ್ಕಿಂತ ಹಣದ ದಾರಿ ನೋಡಬೇಕು. 2021ರ ಫೆಬ್ರವರಿಯ ಸೇನಾ ದಂಗೆಯ ನಂತರ ಸೇನೆಯ ವ್ಯಾಪಾರ ಸಂಸ್ಥೆಗಳ ಮೇಲೆ ಅಮೆರಿಕ ನಿರ್ಬಂಧ ಹೇರಿತು, 2023ರ ಜೂನ್‌ನಲ್ಲಿ ಎರಡು ಸರ್ಕಾರಿ ಬ್ಯಾಂಕುಗಳ ಮೇಲೂ. ಗೋದಾಮು ಯಾರದು, ಲಾರಿ ಯಾರದು, ದುಡ್ಡು ಯಾವ ಬ್ಯಾಂಕಿಗೆ ಎಂದು ಯಾಂಗೋನಿನ ವ್ಯಾಪಾರಿಯೊಬ್ಬನನ್ನು ಕೇಳಿದೆ. ಬ್ಯಾಂಕಿನ ಹೆಸರು ಹೇಳಿದ, ಗೋದಾಮಿನ ಮಾತು ಹಾರಿಸಿದ. ಅವನ ಮಾಲು ಬಿಟ್ಟೆವು. ಮೂರೂ ಪ್ರಶ್ನೆಗೆ ಕಾಗದ ಸಮೇತ ಉತ್ತರ ಕೊಟ್ಟ ಇನ್ನೊಬ್ಬನ ದರ ಸ್ವಲ್ಪ ಜಾಸ್ತಿ. ಈಗ ಅವನಿಂದಲೇ ತರಿಸುತ್ತಿದ್ದೇವೆ.