ಅಪ್ಪ, ಅಜ್ಜಿ, ವಿಕಲಚೇತನರು: ಸರ್ಕಾರಿ ಬಸ್ಸಿನಲ್ಲಿ ಯಾರಿಗೆ ಏನು ಸಿಗುತ್ತದೆ, ಹೇಗೆ ಪಡೆಯಬೇಕು

ಮೊದಲೇ ಒಂದು ಮಾತು. ಕರ್ನಾಟಕದಲ್ಲಿ ವಯಸ್ಸಾದವರಿಗೆಲ್ಲ ಬಸ್ ಫ್ರೀ ಅನ್ನುವ ಯೋಜನೆ ಇಲ್ಲ. ಇರುವುದು ಬೇರೆ ಬೇರೆ ದಾರಿಗಳು. ಹೆಂಗಸರಿಗೆ ಒಂದು, ಅರವತ್ತು ತುಂಬಿದ ಗಂಡಸರಿಗೆ ಒಂದು, ಕಣ್ಣು ಕಾಣದವರಿಗೆ ಒಂದು, ಉಳಿದ ವಿಕಲಚೇತನರಿಗೆ ಇನ್ನೊಂದು. ಮನೆಯವರು ಯಾವ ದಾರಿಗೆ ಸೇರುತ್ತಾರೆ ಅಂತ ಮೊದಲು ನೋಡಿಕೊಳ್ಳಿ. ಇದು ಗೊತ್ತಿಲ್ಲದೆ ಬೇಡದ ಪಾಸಿಗೆ ಅರ್ಜಿ ಹಾಕಿ ಅಲೆಯುವವರು ಇದ್ದಾರೆ, ಸಿಗಬೇಕಾದ ಪಾಸ್ ಬಿಟ್ಟು ವರ್ಷಗಟ್ಟಲೆ ದುಡ್ಡು ಕೊಟ್ಟು ಓಡಾಡುವವರು ಅದಕ್ಕಿಂತ ಜಾಸ್ತಿ ಇದ್ದಾರೆ.

ಹೆಂಗಸರ ವಿಷಯ ಸುಲಭ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಇದಕ್ಕೆ ವಯಸ್ಸಿನ ಮಿತಿ ಇಲ್ಲ. ಕರ್ನಾಟಕದ ವಿಳಾಸ ಇರುವ ಸರ್ಕಾರಿ ಗುರುತಿನ ಚೀಟಿ ಇದ್ದರೆ ಸಾಕು. ಆಧಾರ್ ಆಗಬಹುದು, ವೋಟರ್ ಐಡಿ ಆಗಬಹುದು. ಲೈಂಗಿಕ ಅಲ್ಪಸಂಖ್ಯಾತರಿಗೂ ಇದು ಅನ್ವಯಿಸುತ್ತದೆ. ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಕರ್ನಾಟಕ ಮತ್ತು ಕಲ್ಯಾಣ ಕರ್ನಾಟಕ ಸಾರಿಗೆ, ನಾಲ್ಕೂ ನಿಗಮಗಳ ಸಿಟಿ ಬಸ್, ಸಾಮಾನ್ಯ ಬಸ್, ವೇಗದೂತ ಬಸ್ಸಿನಲ್ಲಿ ರಾಜ್ಯದ ಒಳಗೆ ಎಲ್ಲಿಗೆ ಬೇಕಾದರೂ ಹೋಗಬಹುದು. ರಾಜಹಂಸ, ಐರಾವತ, ಸ್ಲೀಪರ್, ಬೆಂಗಳೂರಿನ ಎಸಿ ವಜ್ರ, ವಾಯುವಜ್ರ ಬಸ್ಸುಗಳಿಗೆ ಇಲ್ಲ. ಬೇರೆ ರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ಹತ್ತುವ ಮುಂಚೆ ಬೋರ್ಡ್ ನೋಡಿ, ಅನುಮಾನ ಬಂದರೆ ಕಂಡಕ್ಟರನ್ನು ಕೇಳಿಯೇ ಹತ್ತಿಸಿ. ನಡುದಾರಿಯಲ್ಲಿ ಅಜ್ಜಿಯನ್ನು ಇಳಿಸುವ ಪರಿಸ್ಥಿತಿ ಬರಬಾರದು.

ದುಡ್ಡು ಕೊಡುವ ಹಾಗಿಲ್ಲ ಅಂದಮೇಲೆ ಟಿಕೆಟ್ ಯಾಕೆ ಅಂತ ಕೆಲವು ಅಜ್ಜಿಯಂದಿರು ಕೇಳುತ್ತಾರೆ. ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು, ಇಳಿಯುವ ತನಕ ಇಟ್ಟುಕೊಳ್ಳಲೂಬೇಕು. ಚೆಕಿಂಗ್‌ನವರು ಬಂದಾಗ ಅದನ್ನೇ ಕೇಳುತ್ತಾರೆ. ಸಾರಿಗೆ ನಿಗಮಕ್ಕೆ ಸರ್ಕಾರದಿಂದ ಹಣ ಬರುವುದೂ ಈ ಟಿಕೆಟ್ ಲೆಕ್ಕದ ಮೇಲೆಯೇ. ಹಾಗಾಗಿ ಅಜ್ಜಿ ಎಲ್ಲಿಗೆ ಹೋಗುತ್ತಾರೋ ಆ ಊರಿನ ಹೆಸರನ್ನೇ ಸರಿಯಾಗಿ ಹೇಳಬೇಕು.

ಇಲ್ಲಿ ತೊಂದರೆ ಬರುವುದು ವಿಳಾಸದಲ್ಲಿ. ಮಗಳ ಮನೆಗೋ ಮಗನ ಮನೆಗೋ ಬಂದು ಹತ್ತಾರು ವರ್ಷ ಇಲ್ಲೇ ಇದ್ದರೂ ಆಧಾರ್‌ನಲ್ಲಿ ಇನ್ನೂ ಅನಂತಪುರದ್ದೋ ಸೊಲ್ಲಾಪುರದ್ದೋ ವಿಳಾಸ ಇರುತ್ತದೆ. ಅಂಥವರಿಗೆ ಟಿಕೆಟ್ ಹಣ ಕೇಳಿದರೆ ಕಂಡಕ್ಟರದ್ದು ತಪ್ಪಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ವಿಳಾಸ ಬದಲಾಯಿಸಿ. ಮುಂದೆ ರೇಷನ್, ಪಿಂಚಣಿ ಎಲ್ಲದಕ್ಕೂ ಅದು ಬೇಕು.

ವಿಕಲಚೇತನ ಹೆಣ್ಣುಮಕ್ಕಳಿಗೂ ಇದೇ ಅನ್ವಯ. ಶಕ್ತಿಯಲ್ಲಿ ದೂರದ ಮಿತಿ ಇಲ್ಲ, ವರ್ಷ ವರ್ಷ ನವೀಕರಿಸುವ ಕೆಲಸವಿಲ್ಲ. ವಿಳಾಸ ಕರ್ನಾಟಕದ್ದಾಗಿದ್ದರೆ ಬರೀ ಬಸ್ಸಿಗೋಸ್ಕರ ವಿಕಲಚೇತನರ 660 ರೂಪಾಯಿಯ ವರ್ಷದ ಪಾಸ್ (ಅದರ ವಿವರ ಮುಂದೆ ಇದೆ) ಮಾಡಿಸುವ ಅಗತ್ಯ ಕಾಣುವುದಿಲ್ಲ. ವಿಕಲಚೇತನರ ಗುರುತಿನ ಚೀಟಿ ಮಾತ್ರ ಖಂಡಿತ ಮಾಡಿಸಿ, ಅದಕ್ಕೆ ಬೇರೆ ಉಪಯೋಗಗಳಿವೆ.

ಇನ್ನು ಗಂಡಸರು. ಅರವತ್ತು ವರ್ಷ ತುಂಬಿದವರಿಗೆ ಟಿಕೆಟ್ ದರದಲ್ಲಿ ಶೇಕಡಾ 25 ರಿಯಾಯಿತಿ ಇದೆ. ಉಚಿತ ಅಲ್ಲ. ಎಸಿ, ಐಷಾರಾಮಿ ಬಸ್ಸುಗಳಿಗೆ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಮಾಮೂಲಿ ಕೆಂಪು ಬಸ್ಸಿನ ಮಟ್ಟಿಗೆ ನೆನಪಿಟ್ಟುಕೊಳ್ಳಿ. ಕಂಡಕ್ಟರ್ ತಾವಾಗಿ ಕೇಳಿ ಕೊಡುವುದು ಕಡಿಮೆ. ತುಂಬಿದ ಬಸ್ಸಿನಲ್ಲಿ ಅವರಿಗೆ ಮುಖ ನೋಡಿ ವಯಸ್ಸು ಲೆಕ್ಕ ಹಾಕಲು ಪುರುಸೊತ್ತು ಎಲ್ಲಿ? ಆದ್ದರಿಂದ ಊರಿನ ಹೆಸರಿನ ಜೊತೆಗೇ "ಒಂದು ಸೀನಿಯರ್ ಸಿಟಿಜನ್" ಅಂತ ಹೇಳಿ ಕಾರ್ಡ್ ತೋರಿಸಬೇಕು. ಟಿಕೆಟ್ ಹೊಡೆದ ಮೇಲೆ ಹೇಳಿದರೆ ರದ್ದು ಮಾಡಿ ಕೊಡುವುದು ಅವರಿಗೂ ಕಷ್ಟ. ಇದನ್ನು ಅಪ್ಪನಿಗೆ ಮನೆಯಲ್ಲೇ ಹೇಳಿಕೊಡಿ. ಎಷ್ಟೋ ಹಿರಿಯರಿಗೆ ಕೇಳಲು ಸಂಕೋಚ. ಇದು ಯಾರ ದಯೆಯೂ ಅಲ್ಲ, ಅವರ ಹಕ್ಕು.

ಕಾರ್ಡ್ ಅಂದರೆ ಹುಟ್ಟಿದ ದಿನಾಂಕ ಇರುವ ಅಸಲಿ ಗುರುತಿನ ಚೀಟಿ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕೊಡುವ ಹಿರಿಯ ನಾಗರಿಕರ ಗುರುತಿನ ಚೀಟಿ ಇದ್ದರೆ ಮಾತೇ ಬೇಡ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅದಕ್ಕೆ ಅರ್ಜಿ ಹಾಕಬಹುದು. ವಯಸ್ಸಿನ ದಾಖಲೆಯನ್ನು ಮಾತ್ರ ಒಮ್ಮೆ ಕೈಯಲ್ಲಿ ಹಿಡಿದು ಸರಿಯಾಗಿ ನೋಡಿ. ಹಳ್ಳಿ ಕಡೆಯ ಹಿರಿಯರ ಆಧಾರ್‌ನಲ್ಲಿ ಅಂದಾಜಿಗೆ ಒಂದು ವರ್ಷ ಬರೆದು ಬಿಟ್ಟಿರುತ್ತಾರೆ, ಎಪ್ಪತ್ತರ ಹತ್ತಿರ ಬಂದವರೂ ಅದರ ಪ್ರಕಾರ ಐವತ್ತೆಂಟರಲ್ಲೇ ಇರುತ್ತಾರೆ. ಶಾಲೆಯ ದಾಖಲೆಯೋ ಹಳೆಯ ಯಾವುದಾದರೂ ಒಪ್ಪುವಂಥ ದಾಖಲೆಯೋ ಇದ್ದರೆ ತಿದ್ದಿಸಿ. ಹುಟ್ಟಿದ ದಿನಾಂಕ ತಿದ್ದಲು ಆಧಾರ್‌ನಲ್ಲಿ ಸುಮ್ನೆ ಪದೇ ಪದೇ ಬಿಡುವುದಿಲ್ಲ, ಆದ್ದರಿಂದ ಒಂದೇ ಸಲಕ್ಕೆ ಸರಿಯಾಗಿ ಮಾಡಿಸಿ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ.

ಪಾರ್ಶ್ವವಾಯು ಆಗಿ ಒಂದು ಕೈ ಒಂದು ಕಾಲು ಬಿದ್ದುಹೋದ ಅಪ್ಪಂದಿರು ಎಷ್ಟು ಮನೆಯಲ್ಲಿಲ್ಲ? ಸಕ್ಕರೆ ಕಾಯಿಲೆಯಿಂದ ಪಾದ ತೆಗೆಸಿಕೊಂಡವರು, ಕಿವಿ ಪೂರ್ತಿ ಕೇಳಿಸದವರು, ಪಾರ್ಕಿನ್‌ಸನ್ ಕಾಯಿಲೆಯಿಂದ ಕೈಕಾಲು ನಡುಗುವವರು? ಇವರನ್ನು ನಾವು "ವಯಸ್ಸಾಯ್ತು, ಏನು ಮಾಡೋದು" ಅಂತ ಬಿಟ್ಟುಬಿಡುತ್ತೇವೆ. ವಿಕಲಚೇತನರು ಅಂದರೆ ಹುಟ್ಟಿನಿಂದ ಇರುವವರು ಮಾತ್ರ ಅಂತ ನಮ್ಮ ತಲೆಯಲ್ಲಿ ಕೂತಿದೆ. ಕಾನೂನು ಹಾಗೆ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಪಾರ್ಕಿನ್‌ಸನ್ ಕೂಡ ಅದರಲ್ಲಿದೆ. ಯಾವ ವಯಸ್ಸಿನಲ್ಲಿ ಬಂತು ಅನ್ನುವುದು ಮುಖ್ಯವಲ್ಲ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇದೆ ಅಂತ ವೈದ್ಯರು ಪ್ರಮಾಣ ಪತ್ರ ಕೊಟ್ಟರೆ ಅವರು ವಿಕಲಚೇತನರ ರಿಯಾಯಿತಿ ಪಾಸಿಗೆ ಅರ್ಜಿ ಹಾಕಬಹುದು.

ಲೆಕ್ಕ ನೋಡಿ. ಆ ಪಾಸಿಗೆ ವರ್ಷಕ್ಕೆ 660 ರೂಪಾಯಿ. ತಿಂಗಳಿಗೆ 55 ರೂಪಾಯಿ ಬಿತ್ತು. ಮನೆ ಇರುವ ಊರಿನಿಂದ 100 ಕಿಲೋಮೀಟರ್ ಸುತ್ತಳತೆಯೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ವರ್ಷಪೂರ್ತಿ ಓಡಾಡಬಹುದು. ವಾರಕ್ಕೊಮ್ಮೆ ಫಿಸಿಯೋಥೆರಪಿಗೋ ತಿಂಗಳಿಗೆರಡು ಸಲ ಜಿಲ್ಲಾ ಆಸ್ಪತ್ರೆಗೋ ಹೋಗುವವರಿಗೆ ಶೇಕಡಾ 25 ರಿಯಾಯಿತಿ ಎಲ್ಲಿ, ಇದು ಎಲ್ಲಿ? ಜೊತೆಗೆ ಹೋಗುವವರು ಹೆಂಡತಿಯೋ ಮಗಳೋ ಸೊಸೆಯೋ ಆಗಿದ್ದರೆ ಅವರದ್ದು ಶಕ್ತಿಯಲ್ಲಿ ಆಗುತ್ತದೆ. ಇಬ್ಬರ ಖರ್ಚೂ ಉಳಿಯಿತು.

ಇದಕ್ಕೆ ಮೊದಲು ಬೇಕಾಗಿರುವುದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಫೋಟೋ, ಆಧಾರ್, ವಿಳಾಸದ ವಿವರ ಕೊಡಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ಆರಿಸಿಕೊಳ್ಳಬೇಕು. ಆಮೇಲೆ ಅಲ್ಲಿಗೆ ಹೋಗಿ ತಪಾಸಣೆ ಮಾಡಿಸಬೇಕು. ಮೂಳೆ, ಕಣ್ಣು, ಕಿವಿ, ಮಾನಸಿಕ ವಿಭಾಗದ ವೈದ್ಯರು ಪ್ರಮಾಣ ಪತ್ರಕ್ಕಾಗಿ ನೋಡುವ ದಿನಗಳು ಬೇರೆ ಬೇರೆ ಇರುತ್ತವೆ. ಓಡಾಡಲು ಕಷ್ಟ ಇರುವವರನ್ನು ಕರೆದುಕೊಂಡು ಹೋಗುವ ಮುಂಚೆ ಮನೆಯಿಂದ ಒಬ್ಬರು ಹೋಗಿಯೋ ಫೋನ್ ಮಾಡಿಯೋ ದಿನ ವಿಚಾರಿಸಿಕೊಳ್ಳಿ. ಹಳೆಯ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್, ಔಷಧಿ ಚೀಟಿ ಎಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ. ವೈದ್ಯರು ಕೇಳಿದಾಗ ಏನು ಮಾಡಲು ಆಗುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಬೇಕು: ಮೆಟ್ಟಿಲು ಹತ್ತಲು ಆಗುವುದಿಲ್ಲ, ಶರ್ಟಿನ ಗುಂಡಿ ಹಾಕಲು ಆಗುವುದಿಲ್ಲ, ಹೀಗೆ. ನಮ್ಮ ಹಿರಿಯರು ಡಾಕ್ಟರ್ ಎದುರಿಗೆ "ಪರವಾಗಿಲ್ಲ ಸಾರ್, ಆರಾಮಾಗಿದ್ದೀನಿ" ಅಂದುಬಿಡುತ್ತಾರೆ. ಜೊತೆಗೆ ಹೋದವರು ಮಾತಾಡಿ.

ಕಾರ್ಡಿನ ಬಣ್ಣ ನೋಡಿದರೇ ಪ್ರಮಾಣ ಗೊತ್ತಾಗುತ್ತದೆ. ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಅದಕ್ಕಿಂತ ಮೇಲೆ ನೀಲಿ. ಬಿಳಿ ಬಂದರೆ ಬಸ್ ಪಾಸ್ ಸಿಗುವುದಿಲ್ಲ. ಪ್ರಮಾಣ ಪತ್ರ ತಾತ್ಕಾಲಿಕವೋ ಶಾಶ್ವತವೋ ಅನ್ನುವುದನ್ನೂ ಓದಿಕೊಳ್ಳಿ, ತಾತ್ಕಾಲಿಕ ಆದರೆ ಅವಧಿ ಮುಗಿಯುವ ಮುಂಚೆ ಮತ್ತೆ ತೋರಿಸಬೇಕು.

ಇಷ್ಟೆಲ್ಲ ಒಬ್ಬರೇ ಮಾಡುವುದು ಕಷ್ಟ ಅನಿಸಿದರೆ ಗ್ರಾಮ ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯೂ ಯಾರು ಅಂತ ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ. ಇವರಲ್ಲಿ ಬಹಳ ಮಂದಿ ತಾವೂ ವಿಕಲಚೇತನರೇ, ಕಡಿಮೆ ಗೌರವಧನಕ್ಕೆ ತುಂಬಾ ಕೆಲಸ ಮಾಡುತ್ತಾರೆ. ಯಾವ ದಿನ ಆಸ್ಪತ್ರೆ, ಯಾವ ಕೌಂಟರ್, ಯಾವ ದಾಖಲೆ, ಎಲ್ಲ ಅವರಿಗೆ ಬಾಯಿಪಾಠ. ಇದೇ ಕೆಲಸಕ್ಕೆ ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯೂ, ಪಟ್ಟಣಗಳಲ್ಲಿ ಯುಆರ್‌ಡಬ್ಲ್ಯೂ ಇರುತ್ತಾರೆ. ಕಾರ್ಡ್ ಮಾಡಿಸಿಕೊಡುತ್ತೇನೆ, ಎರಡು ಸಾವಿರ ಕೊಡಿ ಅಂತ ಯಾರಾದರೂ ಬಂದರೆ ಕೊಡಬೇಡಿ. ಯುಡಿಐಡಿ ಕಾರ್ಡ್ ಉಚಿತ.

ಕಾರ್ಡ್ ಕೈಗೆ ಬಂದ ಮೇಲೆ ಪಾಸಿನ ಅರ್ಜಿ. ಇದು ಸೇವಾ ಸಿಂಧು ಪೋರ್ಟಲ್‌ನಲ್ಲಿ. ಮನೆಯಲ್ಲಿ ಮೊಬೈಲಿನಿಂದಲೂ ಹಾಕಬಹುದು, ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರದಲ್ಲೂ ಹಾಕಿಸಬಹುದು. ಯುಡಿಐಡಿ ಕಾರ್ಡ್, ಆಧಾರ್, ವಿಳಾಸದ ದಾಖಲೆ, ಫೋಟೋ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಹೆಸರು ಎಲ್ಲದರಲ್ಲೂ ಒಂದೇ ಥರ ಇರಬೇಕು, ಇನಿಶಿಯಲ್ ಹಿಂದೆ ಮುಂದೆ ಆದರೂ ಕೆಲವೊಮ್ಮೆ ಅರ್ಜಿ ವಾಪಸ್ ಬರುತ್ತದೆ. ಅರ್ಜಿಯಲ್ಲಿ ಪಾಸ್ ಎಲ್ಲಿ ಪಡೆಯುತ್ತೀರಿ ಅಂತ ಕೇಳುತ್ತದೆ, ಅವಸರದಲ್ಲಿ ಮೊದಲು ಕಾಣುವ ಹೆಸರನ್ನು ಒತ್ತಬೇಡಿ. ಆ ಕೌಂಟರಿಗೆ ಅವರೇ ಹೋಗಬೇಕಾಗಬಹುದು, ಮೆಟ್ಟಿಲು ಕಡಿಮೆ ಇರುವ, ಮನೆಗೆ ಹತ್ತಿರದ ಬಸ್ ನಿಲ್ದಾಣ ನೋಡಿ ಆರಿಸಿ. ಮೊಬೈಲ್ ನಂಬರ್ ಮನೆಯಲ್ಲಿ ಬಳಕೆಯಲ್ಲಿರುವುದನ್ನೇ ಕೊಡಿ, ಮೆಸೇಜ್ ಬರುವುದು ಅದಕ್ಕೇ. ಒಪ್ಪಿಗೆ ಆದಮೇಲೆ ಅಸಲಿ ಕಾರ್ಡು, ಫೋಟೋ, 660 ರೂಪಾಯಿ ತೆಗೆದುಕೊಂಡು ಹೋಗಿ ಪಾಸ್ ಪಡೆಯಿರಿ.

ಪಾಸಿನ ವರ್ಷ ಅಂದರೆ ಕ್ಯಾಲೆಂಡರ್ ವರ್ಷ. ಜನವರಿಯಲ್ಲಿ ಮಾಡಿಸಿದರೂ ಅಕ್ಟೋಬರಿನಲ್ಲಿ ಮಾಡಿಸಿದರೂ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ವರ್ಷದ ಶುರುವಿನಲ್ಲೇ ಮಾಡಿಸುವುದು ಲಾಭ. ನವೀಕರಣಕ್ಕೆ ಸಮಯ ಬೇಕು ಅಂತ ಹಿಂದಿನ ವರ್ಷದ ಪಾಸನ್ನು ಫೆಬ್ರವರಿ ಕೊನೆಯವರೆಗೆ ಒಪ್ಪುತ್ತಾ ಬಂದಿದ್ದಾರೆ, ಆದರೆ ಅದನ್ನೇ ನಂಬಿ ಕೂರಬೇಡಿ, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ಕಣ್ಣು ಪೂರ್ತಿ ಕಾಣದವರಿಗೆ 660 ರೂಪಾಯಿಯೂ ಇಲ್ಲ, 100 ಕಿಲೋಮೀಟರ್ ಮಿತಿಯೂ ಇಲ್ಲ. ಅಂಧರ ಉಚಿತ ಪಾಸ್ ಬೇರೆಯೇ ಇದೆ. ಅರ್ಜಿ ಹಾಕುವಾಗ ಈ ಎರಡರಲ್ಲಿ ಸರಿಯಾದದ್ದನ್ನು ಆರಿಸಿದ್ದೀರಾ ಅಂತ ಸೈಬರ್ ಅಂಗಡಿಯಲ್ಲಿ ಕೂತು ನೋಡಿಯೇ ಸಬ್ಮಿಟ್ ಮಾಡಿಸಿ. ಅರೆಬರೆ ದೃಷ್ಟಿ ಇರುವವರು ಮಾಮೂಲಿ ವಿಕಲಚೇತನರ ಪಾಸಿನ ದಾರಿಯಲ್ಲಿ ಹೋಗಬೇಕು.

ಮಂಗಳೂರು, ಉಡುಪಿ ಕಡೆಯವರಿಗೆ, ಮಲೆನಾಡಿನ ಕೆಲವು ಊರಿನವರಿಗೆ ಒಂದು ಕಷ್ಟ ಇದೆ. ಅಲ್ಲಿ ಓಡುವುದರಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಈ ಪಾಸು, ಶಕ್ತಿ, ಯಾವುದೂ ಅವಕ್ಕೆ ಅನ್ವಯಿಸುವುದಿಲ್ಲ. ಪಾಸ್ ಮಾಡಿಸುವ ಮುಂಚೆ ನಿಮ್ಮ ರೂಟಿನಲ್ಲಿ ಸರ್ಕಾರಿ ಬಸ್ ಎಷ್ಟು ಹೊತ್ತಿಗೆ ಇದೆ ಅಂತ ಡಿಪೋದಲ್ಲಿ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬಸ್ಸೇ ಇಲ್ಲ ಅಂದರೆ ಊರಿನ ನಾಲ್ಕಾರು ಜನ ಸೇರಿ, ವಿಕಲಚೇತನರ ಹೆಸರು ಸಮೇತ ಡಿಪೋ ವ್ಯವಸ್ಥಾಪಕರಿಗೆ ಮನವಿ ಕೊಡಿ. ಪಾಸ್ ಕೊಟ್ಟು ಬಸ್ ಕೊಡದಿದ್ದರೆ ಆ ಪಾಸಿಗೆ ಬೆಲೆ ಏನು, ಅಲ್ವಾ?

ಬಸ್ ಹತ್ತುವ ದಿನದ ಬಗ್ಗೆ ಸ್ವಲ್ಪ. ನಡುದಾರಿಯ ಸ್ಟಾಪಿಗಿಂತ ಬಸ್ ಹೊರಡುವ ನಿಲ್ದಾಣದಲ್ಲೇ ಹತ್ತಿದರೆ ಸೀಟು ಸಿಗುತ್ತದೆ, ನಿಧಾನವಾಗಿ ಹತ್ತಲೂ ಸಮಯ ಇರುತ್ತದೆ. ಹಿರಿಯರಿಗೆ, ವಿಕಲಚೇತನರಿಗೆ ಮೀಸಲಾದ ಸೀಟಿನ ಮೇಲೆ ಬರೆದಿರುತ್ತದೆ. ಅಲ್ಲಿ ಬೇರೆಯವರು ಕೂತಿದ್ದರೆ ನೀವು ಜಗಳಕ್ಕೆ ಹೋಗಬೇಡಿ, ಕಂಡಕ್ಟರಿಗೆ ಹೇಳಿ, ಎಬ್ಬಿಸಿ ಕೊಡುವುದು ಅವರ ಕೆಲಸ. ಇಳಿಯುವ ಸ್ಟಾಪನ್ನು ಟಿಕೆಟ್ ತೆಗೆದುಕೊಳ್ಳುವಾಗಲೇ ಹೇಳಿ, "ಇಳಿಯಲು ಸ್ವಲ್ಪ ಹೊತ್ತು ಬೇಕು" ಅಂತಲೂ ಸೇರಿಸಿ.

ಪಾಸ್ ಇದ್ದರೂ ಹತ್ತಿಸಿಕೊಳ್ಳದಿದ್ದರೆ, ಅವಮಾನ ಮಾಡಿದರೆ ಸುಮ್ನೆ ಬಿಡಬೇಡಿ. ಬಸ್ಸಿನ ನಂಬರ್, ಸಮಯ, ಎಲ್ಲಿಂದ ಎಲ್ಲಿಗೆ ಅನ್ನುವುದು, ಟಿಕೆಟ್ ಕೊಟ್ಟಿದ್ದರೆ ಟಿಕೆಟ್, ಇಷ್ಟು ಇಟ್ಟುಕೊಂಡು ಆ ಡಿಪೋಗೆ ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಹಿರಿಯ ನಾಗರಿಕರು ಯಾವುದೇ ವಿಷಯಕ್ಕೆ ಸಲಹೆ ಬೇಕಾದರೆ 14567 ಸಹಾಯವಾಣಿಗೆ ಉಚಿತವಾಗಿ ಫೋನ್ ಮಾಡಬಹುದು. ಆ ನಂಬರನ್ನು ಇವತ್ತೇ ಅವರ ಮೊಬೈಲಿನಲ್ಲಿ ಸೇವ್ ಮಾಡಿಕೊಡಿ.