ನಿರಾಶ್ರಿತರಿಗೆ ಚಳಿಬಟ್ಟೆ ಕೊಡುವ ಮುಂಚೆ

ಬಟ್ಟೆ ವಿಂಗಡಿಸಲು ಕೂತಾಗ ನಾನು ಮೊದಲು ಜಿಪ್ ಎಳೆದು ನೋಡುತ್ತೇನೆ. ಜಿಪ್ ಕೆಟ್ಟ ಜಾಕೆಟ್ ಎಷ್ಟೇ ದಪ್ಪಗಿದ್ದರೂ ಗಾಳಿ ತಡೆಯುವುದಿಲ್ಲ. ‘ಅವರೇ ಹೊಲಿದುಕೊಳ್ಳುತ್ತಾರೆ ಬಿಡಿ’ ಅನ್ನುವವರಿದ್ದಾರೆ. ಉಟ್ಟ ಬಟ್ಟೆಯಲ್ಲೇ ಊರು ಬಿಟ್ಟವರ ಹತ್ತಿರ ಸೂಜಿ ದಾರ ಎಲ್ಲಿಂದ ಬರಬೇಕು? ರಿಪೇರಿ ನಮ್ಮ ಕೆಲಸ. ಆಗದಿದ್ದರೆ ಅದನ್ನು ಕಳಿಸಬೇಡಿ.

ಇದಕ್ಕೂ ಮುಂಚೆ ಒಂದು ಪಟ್ಟಿ ಬೇಕು. ಯಾರಿಗೆ ಕೊಡುತ್ತೀರೋ ಅವರನ್ನೇ ಕೇಳಿ, ಇಲ್ಲವೇ ಶಿಬಿರ ನಡೆಸುವವರನ್ನು ಕೇಳಿ. ಎಷ್ಟು ಜನ, ಯಾವ ವಯಸ್ಸು, ಯಾವ ಅಳತೆ, ಈಗಾಗಲೇ ಏನಿದೆ? ಕೇಳದೆ ಸಂಗ್ರಹಿಸಿದರೆ ಪುಟ್ಟ ಮಕ್ಕಳ ಸ್ವೆಟರ್ ಗುಡ್ಡೆ ಬೀಳುತ್ತದೆ, ಗಂಡಸರ ಬೂಟು ಒಂದು ಜೊತೆಯೂ ಇರುವುದಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಲೆಕ್ಕದಂತೆ 2023ರ ಕೊನೆಗೆ ಬಲವಂತವಾಗಿ ನೆಲೆ ಕಳೆದುಕೊಂಡವರಲ್ಲಿ ಸುಮಾರು ಶೇ. 40ರಷ್ಟು ಜನ 18 ವರ್ಷದೊಳಗಿನವರು. ಅವರಲ್ಲಿ ಕೈಕೂಸುಗಳಷ್ಟೇ ಅಲ್ಲ, ಮೀಸೆ ಚಿಗುರುತ್ತಿರುವ ಹುಡುಗರೂ ಇದ್ದಾರೆ. ಬಟ್ಟೆ ಕೊಡುವವರು ಮರೆಯುವುದು ಇವರನ್ನೇ.

ಈ ವಯಸ್ಸಿನವರ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಅವರಿಗೆ ಚೀಲ ಕಟ್ಟಿ ಕೊಡಬೇಡಿ. ಬಟ್ಟೆಯನ್ನು ಅಳತೆ ಪ್ರಕಾರ ಮೇಜಿನ ಮೇಲೆ ಹರಡಿ, ಹಾಕಿ ನೋಡಲು ಒಂದು ಪರದೆ ಕಟ್ಟಿ, ಆರಿಸಿಕೊಳ್ಳಲಿ. ನಾಚಿಕೆಯಾಗುವ ಕೋಟನ್ನು ಹದಿನಾರರ ಹುಡುಗಿ ಚಳಿಗೆ ನಡುಗಿದರೂ ಹಾಕುವುದಿಲ್ಲ, ನಾವೂ ಹಾಕುತ್ತಿರಲಿಲ್ಲ ಅಲ್ವಾ? ಕಪ್ಪು, ಕಡುನೀಲಿ ಬಣ್ಣ, ಹುಡ್ ಇರುವ ಸಾದಾ ಜಾಕೆಟ್ ಜಾಸ್ತಿ ಇಡಿ. ತಲೆಗೆ ವಸ್ತ್ರ ಸುತ್ತುವವರಿಗೆ ಬೆಚ್ಚನೆಯ ಉದ್ದ ಸ್ಕಾರ್ಫ್, ಮೊಣಕಾಲು ದಾಟುವ ಕೋಟು ಇರಲಿ. ಸೈನಿಕರ ಸಮವಸ್ತ್ರದಂಥ ಚಿತ್ತಾರದ್ದು ಮಾತ್ರ ಬೇಡವೇ ಬೇಡ. ಯುದ್ಧದಿಂದ ಓಡಿ ಬಂದವರಿಗೆ ಅದು ಹೆದರಿಕೆ ಹುಟ್ಟಿಸಬಹುದು, ಗಡಿಯಲ್ಲಿ ತೊಂದರೆಯನ್ನೂ ತರಬಹುದು. ಬಾವುಟ, ಘೋಷಣೆ ಅಚ್ಚಾದ ಬಟ್ಟೆಯನ್ನೂ ತೆಗೆದುಬಿಡಿ.

ಒಂದು ದಪ್ಪ ಕೋಟಿಗಿಂತ ಮೂರು ಪದರ ಒಳ್ಳೆಯದು. ಒಳಗೆ ಮೈಗಂಟುವ ಬೆಚ್ಚನೆಯ ಒಳಅಂಗಿ (ಥರ್ಮಲ್), ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್ ಎಂಬ ಮೆತ್ತನೆಯ ಸಿಂಥೆಟಿಕ್ ಬಟ್ಟೆ, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯನ್ನು ಬೆಚ್ಚಗಿಡುವುದು. ಹತ್ತಿ ಬಟ್ಟೆ ಒದ್ದೆಯಾದರೆ ನೀರು ಹಿಡಿದುಕೊಂಡು ಮೈಯನ್ನೇ ತಣ್ಣಗಾಗಿಸುತ್ತದೆ. ಉಣ್ಣೆ ಒದ್ದೆಯಾದರೂ ಒಂದಷ್ಟು ಬಿಸಿ ಉಳಿಸುತ್ತದೆ. 2013ರ ಡಿಸೆಂಬರಿನ ಅಲೆಕ್ಸಾ ಬಿರುಗಾಳಿಯಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿದ್ದ ಸಿರಿಯನ್ ಕುಟುಂಬಗಳ ಗುಡಾರಗಳ ಮೇಲೆ ಹಿಮ ಬಿತ್ತು. ಅಂಥ ಕಡೆ ಕಾಲುಚೀಲ ನೆಂದರೆ ಒಣಗಿಸುವುದೆಲ್ಲಿ? ಅದಕ್ಕೇ ಒಬ್ಬೊಬ್ಬರಿಗೂ ಕಾಲುಚೀಲ ಮೂರು ನಾಲ್ಕು ಜೊತೆಯಾದರೂ ಬೇಕು.

ಬೂಟು ತುಸು ಸಡಿಲವಿರಲಿ. ದಪ್ಪ ಕಾಲುಚೀಲ ಹಾಕಿ ಬಿಗಿ ಬೂಟಿನಲ್ಲಿ ತುರುಕಿದರೆ ರಕ್ತ ಸರಿಯಾಗಿ ಹರಿಯದೆ ಕಾಲು ಇನ್ನೂ ತಣ್ಣಗಾಗುತ್ತದೆ. ಪುಟ್ಟ ಮಕ್ಕಳಿಗೆ ಐದು ಬೆರಳಿನ ಕೈಗವಸಿಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಕೈಗವಸು ಬೆಚ್ಚಗೆ. ಅವರ ಹುಡ್‌ನಲ್ಲಿ ಲಾಡಿ ಇದ್ದರೆ ಎಳೆದು ತೆಗೆಯಿರಿ. ಆಡುವಾಗ ಎಲ್ಲಾದರೂ ಸಿಕ್ಕಿಕೊಂಡು ಕುತ್ತಿಗೆ ಬಿಗಿಯುವ ಅಪಾಯವಿದೆ. ಒಳಉಡುಪು ಹೊಸದೇ ಆಗಬೇಕು, ಇದರಲ್ಲಿ ಚರ್ಚೆಯೇ ಇಲ್ಲ.

ಹಂಚುವಾಗ ಫೋಟೋ ಬೇಡ.

ಹತ್ತಿರದಲ್ಲಿ ಅಂಗಡಿಗಳಿದ್ದರೆ ದುಡ್ಡನ್ನೋ ಕೂಪನ್ನನ್ನೋ ಕೊಡುವುದೇ ವಾಸಿ. ಸಾಗಿಸುವ ಖರ್ಚು ಉಳಿಯುತ್ತದೆ, ಅಳತೆಯ ಗೋಜಿಲ್ಲ, ತಾಯಿಯೇ ಮಕ್ಕಳನ್ನು ಕರೆದುಕೊಂಡು ಹೋಗಿ ತರುತ್ತಾಳೆ. ಬಟ್ಟೆಯ ರಾಶಿ ನೋಡಿ ಹಿಗ್ಗುವ ಖುಷಿ ನಮಗೆ ತಪ್ಪುತ್ತದೆ, ಅಷ್ಟೇ.