ತಾಯಿಯದ್ದೆಷ್ಟು, ಕೂಸಿನದ್ದೆಷ್ಟು: ಆರ್‌ಎಸ್‌ವಿ ಪ್ರತಿಕಾಯ ಅಳೆದ ನನ್ನ ಅನುಭವ

ದೊಡ್ಡವರಿಗೆ ಬರೀ ನೆಗಡಿಯಾಗಿ ಹೋಗುವ ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್, ಎಳೆಗೂಸಿಗೆ ಪಕ್ಕೆ ಎಳೆಯುವಷ್ಟು ಏದುಸಿರು ತರಿಸಬಲ್ಲದು. ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ತಗಲಿರುತ್ತದೆ. ಲ್ಯಾಬ್‌ನಲ್ಲಿ ನನ್ನ ಪಾಲಿನ ಕೆಲಸ, ಹೊಕ್ಕುಳಬಳ್ಳಿಯ ರಕ್ತದಲ್ಲೂ ಆಮೇಲೆ ಅದೇ ಮಗುವಿನ ರಕ್ತದಲ್ಲೂ ಈ ವೈರಸ್ಸನ್ನು ತಡೆಯುವ ಪ್ರತಿಕಾಯ (ಆಂಟಿಬಾಡಿ) ಎಷ್ಟಿದೆಯೆಂದು ಅಳೆಯುವುದು.

ಕೂಸಿನಿಂದ ಸಿಗುವ ಸೀರಮ್ಮೇ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ನಾಲ್ಕು ಹನಿ. ಹಾಗಾಗಿ ಮೊದಲು ನ್ಯೂಟ್ರಲೈಸೇಶನ್, ಅಂದರೆ ಪ್ರತಿಕಾಯ ವೈರಸ್ಸನ್ನು ನಿಜಕ್ಕೂ ತಡೆಯುತ್ತದೆಯೇ ಎಂಬ ಪರೀಕ್ಷೆ; ಮಿಕ್ಕರೆ ಎಲೈಸಾ, ಅಂದರೆ ಅಂಟುವ ಪ್ರತಿಕಾಯ ಎಷ್ಟಿದೆ ಎಂಬ ಪರೀಕ್ಷೆ. ಎಲೈಸಾ ಸುಲಭ, ನಿಜ. ಆದರೆ ವೈರಸ್‌ಗೆ ಅಂಟುವ ಪ್ರತಿಕಾಯವೆಲ್ಲ ಅದನ್ನು ತಡೆಯುವುದಿಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಫಾರ್ಮಲಿನ್ ಹಾಕಿ ಕೊಂದ ವೈರಸ್ಸಿನ ಲಸಿಕೆ ಪಡೆದ ಕೂಸುಗಳಲ್ಲಿ ಅಂಟುವಂಥದ್ದು ಬೇಕಾದಷ್ಟಿತ್ತು, ತಡೆಯುವಂಥದ್ದು ಕಡಿಮೆ. ಮುಂದೆ ಸೋಂಕು ತಗಲಿದಾಗ ಕಾಯಿಲೆ ಇನ್ನೂ ಜೋರಾಗಿ ಇಬ್ಬರು ಮಕ್ಕಳು ತೀರಿಕೊಂಡರು.

ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಎರಡೆರಡು ಪಟ್ಟು ತೆಳುಮಾಡುತ್ತಾ ಹೋಗಿ, ಗೊತ್ತಿರುವಷ್ಟು ವೈರಸ್ ಬೆರೆಸಿ ಲ್ಯಾಬ್‌ನಲ್ಲಿ ಬೆಳೆಸಿದ ಹೆಪ್-2 ಎಂಬ ಮಾನವ ಕೋಶಗಳ ಮೇಲೆ ಹಾಕುತ್ತೇನೆ. ಎಷ್ಟು ಪಟ್ಟು ತೆಳುಮಾಡಿದಾಗಲೂ ಪ್ಲಾಕ್‌ಗಳು (ವೈರಸ್ ಕೋಶಗಳನ್ನು ಹಾಳುಮಾಡಿದ ಕಲೆಗಳು) ಅರ್ಧಕ್ಕೆ ಇಳಿದಿರುತ್ತವೋ ಅದೇ ಟೈಟರ್. ಈ ವೈರಸ್ ಮಹಾ ನಾಜೂಕು. ಐಸ್‌ನಿಂದ ತೆಗೆದು ಹರಟುತ್ತಾ ನಿಂತರೆ ಅಲ್ಲೇ ಸಾಯತೊಡಗುತ್ತದೆ. ಅದಕ್ಕೇ ಪ್ರತಿ ಪ್ಲೇಟಲ್ಲೂ ಹೋಲಿಕೆಗೆ ಸೀರಮ್ ಇಲ್ಲದ ವೆಲ್‌ಗಳಿರಬೇಕು (ವೆಲ್ ಅಂದರೆ ಪ್ಲೇಟಿನ ಗುಳಿ), ಒಂದೇ ಮಗುವಿನ ಎರಡೂ ಸ್ಯಾಂಪಲ್ ಒಂದೇ ಪ್ಲೇಟಲ್ಲಿ ಕೂರಬೇಕು.

ತಲೆನೋವು ಶುರುವಾಗುವುದು ಲೆಕ್ಕದಲ್ಲಿ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಐಜಿಜಿ ಎಂಬ ಬಗೆಯ ಪ್ರತಿಕಾಯ ಮಾಸು ದಾಟಿ ಬರುತ್ತದೆ. ಹುಟ್ಟಿದ ಮೇಲೆ ಆ ಬುತ್ತಿ ಸುಮಾರು ತಿಂಗಳಿಗೊಮ್ಮೆ ಅರ್ಧವಾಗುತ್ತದೆ. ದೊಡ್ಡವರಲ್ಲಿ ಟೈಟರ್ ನಾಲ್ಕು ಪಟ್ಟು ಏರಿದರೆ ಸೋಂಕಾಗಿದೆ ಅನ್ನುತ್ತೇವೆ. ಕೂಸಿಗೂ ಅದೇ ಲೆಕ್ಕ ಹಿಡಿದರೆ ಎಡವಟ್ಟು. ಹುಟ್ಟಿದಾಗ 1024 ಇದ್ದದ್ದು ನಾಲ್ಕು ತಿಂಗಳಿಗೆ 64ರ ಆಸುಪಾಸಿಗೆ ಬರಬೇಕು. 256 ಸಿಕ್ಕಿತೆನ್ನಿ. ನೋಡಿದವರು ಇಳಿದಿದೆ ಅಂದಾರು, ಆದರೆ ಇರಬೇಕಾದ್ದಕ್ಕಿಂತ ಅದು ನಾಲ್ಕು ಪಟ್ಟು ಹೆಚ್ಚು, ಆ ಹೆಚ್ಚಿನದು ಮಗು ತಾನೇ ಮಾಡಿಕೊಂಡದ್ದಿರಬಹುದು. ಹಾಗಾಗಿ ಸಿಕ್ಕ ಟೈಟರಿನ ಪಕ್ಕದಲ್ಲೇ ಇರಬೇಕಾದ ಟೈಟರನ್ನೂ ಬರೆಯುತ್ತೇನೆ. ಅನುಮಾನ ಬಂದಲ್ಲಿ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ ನೋಡುತ್ತೇನೆ. ಅದು ಮಾಸು ದಾಟುವುದಿಲ್ಲ, ಕೂಸಿನ ರಕ್ತದಲ್ಲಿ ಸಿಕ್ಕರೆ ಕೂಸಿನದ್ದೇ. ಸಿಗಲಿಲ್ಲವೆಂದು ಸೋಂಕಾಗಿಲ್ಲ ಅನ್ನುವಂತಿಲ್ಲ. ಎಳೆಯ ಮಕ್ಕಳಲ್ಲಿ ಐಜಿಎ ಕಡಿಮೆಯೇ.

2023ರಿಂದೀಚೆಗೆ ಈ ಲೆಕ್ಕಕ್ಕೂ ತೊಡಕು ಬಂದಿದೆ. ಗರ್ಭಿಣಿಗೆ ಕೊಡುವ ಲಸಿಕೆ ಇದೆ, ಕೂಸಿಗೇ ಚುಚ್ಚುವ ನಿರ್ಸೆವಿಮ್ಯಾಬ್ ಎಂಬ ಸಿದ್ಧ ಪ್ರತಿಕಾಯ ಇದೆ. ನಿರ್ಸೆವಿಮ್ಯಾಬ್ ಅರ್ಧಕ್ಕಿಳಿಯಲು ಎರಡು ತಿಂಗಳಿಗೂ ಮಿಕ್ಕಿ ಬೇಕು. ಫಾರಂನಲ್ಲಿ ಈ ವಿವರ ಖಾಲಿಯಿದ್ದರೆ ವಾರ್ಡಿಗೆ ಫೋನ್ ಮಾಡಿ ತಾರೀಕು ಬರೆದುಕೊಂಡೇ ನಾನು ಟ್ಯೂಬನ್ನು ಫ್ರೀಜರಿನಿಂದ ಹೊರಗೆ ತೆಗೆಯುವುದು.